ಜಂಪ್ ರಿಂಗ್: ಮಾಡಿಕೊಳ್ಳುವುದೋ, ಕೊಳ್ಳುವುದೋ?

ಪದಕವನ್ನು ಸರಕ್ಕೆ, ಕೊಕ್ಕೆಯನ್ನು ಸರದ ತುದಿಗೆ, ಜುಮುಕಿಯನ್ನು ಓಲೆಗೆ ತಗುಲಿಸುವ ಸಣ್ಣ ತಂತಿಯ ಉಂಗುರಕ್ಕೆ ಜಂಪ್ ರಿಂಗ್ ಅನ್ನುತ್ತಾರೆ. ಒಡವೆಯಲ್ಲಿ ಎಲ್ಲಕ್ಕಿಂತ ಚಿಕ್ಕ ಭಾಗ ಇದು, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಪದಕ ಕಳಚಿ ಬಿದ್ದಾಗ ಮೊದಲು ನೋಡಬೇಕಾದ ಜಾಗ ಇದೇ. ಒಡವೆ ಕೆಲಸಕ್ಕೆ ಕೈ ಹಾಕಿದವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ರಿಂಗ್‌ಗಳನ್ನು ಪೊಟ್ಟಣದ ಲೆಕ್ಕದಲ್ಲಿ ಕೊಳ್ಳುವುದೋ, ತಂತಿ ಸುತ್ತಿ ಕೊಯ್ದು ನಾವೇ ಮಾಡಿಕೊಳ್ಳುವುದೋ?

ಸಾಮಾನ್ಯವಾಗಿ ಈ ಚರ್ಚೆ ದುಡ್ಡಿನಿಂದ ಶುರುವಾಗಿ ದುಡ್ಡಿನಲ್ಲೇ ಮುಗಿಯುತ್ತದೆ. ದುಡ್ಡಿನ ಲೆಕ್ಕ ಮುಂದೆ ಬರುತ್ತದೆ, ಅದೂ ಬೇಕು. ಆದರೆ ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ರಿಂಗಿನ ಬಾಯಿ, ಅಂದರೆ ತಂತಿಯ ಎರಡು ತುದಿಗಳು ಒಂದನ್ನೊಂದು ಮುಟ್ಟುವ ಜಾಗ. ಆ ಬಾಯಿ ಹೇಗೆ ಕೊಯ್ದಿರಬೇಕು, ಅದರ ಮೇಲೆ ಎಷ್ಟು ಎಳೆತ ಬೀಳುತ್ತದೆ, ಅದನ್ನು ಬೆಸೆಯಬೇಕೋ ಬೇಡವೋ ಎನ್ನುವುದು ಗೊತ್ತಾದರೆ ಮಾಡುವ, ಕೊಳ್ಳುವ ಪ್ರಶ್ನೆಗೆ ಮುಕ್ಕಾಲು ಉತ್ತರ ಸಿಕ್ಕ ಹಾಗೆ. ಇದನ್ನು ಎಲ್ಲ ಕೆಲಸಕ್ಕೂ ಒಂದೇ ಸಲ ತೀರ್ಮಾನಿಸಿಬಿಡಲು ಬರುವುದಿಲ್ಲ. ಒಂದೇ ಹಾರದಲ್ಲಿ ಕೊಂಡ ರಿಂಗೂ ಇರಬಹುದು, ಮಾಡಿದ ರಿಂಗೂ ಇರಬಹುದು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯ ಕೆಳಗೆ ರಿಂಗಿನ ಬಾಯಿಯನ್ನು ಒಮ್ಮೆ ನೋಡಿ. ಮೂರು ಬಗೆಯವು ಕಾಣುತ್ತವೆ. ಸಾಧಾರಣ ಕಟ್ಟರ್‌ನಿಂದ ಕತ್ತರಿಸಿದ್ದಾದರೆ ಎರಡೂ ತುದಿ ಚೂಪಾಗಿ, ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿರುತ್ತವೆ. ನಡುವೆ ಮುಟ್ಟಿದರೂ ಮೇಲೆ ಕೆಳಗೆ ಸಂದು ಉಳಿದಿರುತ್ತದೆ. ಬಾಯಿಯ ಒಂದು ಬದಿ ಸಪಾಟಾಗಿರುವ ಫ್ಲಶ್ ಕಟ್ಟರ್‌ನಿಂದ ಜೋಪಾನವಾಗಿ ಕತ್ತರಿಸಿದ್ದಾದರೆ ಎರಡೂ ತುದಿ ಹೆಚ್ಚುಕಡಿಮೆ ಸಮತಟ್ಟಾಗಿರುತ್ತವೆ. ಮಧ್ಯೆ ಕೂದಲೆಳೆಯಷ್ಟು ಏಣು ಉಳಿದಿರಬಹುದು. ಗರಗಸದಿಂದ ಕೊಯ್ದಿದ್ದಾದರೆ ಎರಡೂ ಮುಖ ಚಪ್ಪಟೆಯಾಗಿದ್ದು, ಬಾಯಿ ಮುಚ್ಚಿದಾಗ ಗೀರಿನಷ್ಟೇ ಗುರುತು ಉಳಿಯುತ್ತದೆ. ಬೆರಳ ತುದಿಯಿಂದ ಸವರಿದರೆ ಆ ಗೀರು ಸಿಗುವುದೇ ಇಲ್ಲ.

ಈ ವ್ಯತ್ಯಾಸ ಬರೀ ಅಂದಚೆಂದದ್ದಲ್ಲ. ಚೂಪು ತುದಿಯ ರಿಂಗ್ ರೇಷ್ಮೆ ಬಟ್ಟೆಯ ಎಳೆ ಕೀಳುತ್ತದೆ, ಕತ್ತಿನ ಹಿಂಭಾಗ ಪರಚುತ್ತದೆ, ಕೂದಲು ಹಿಡಿದುಕೊಳ್ಳುತ್ತದೆ. ಮಣಿ ಪೋಣಿಸುವ ಸಣ್ಣ ಬೀಡಿಂಗ್ ವೈರ್ ಅಥವಾ ನೂಲು ಆ ಸಂದಿಗೆ ನುಸುಳಿ, ಉಜ್ಜಿಕೊಂಡು ಕೊನೆಗೆ ತುಂಡಾಗುತ್ತದೆ ಇಲ್ಲವೇ ಆಚೆ ಜಾರಿಬಿಡುತ್ತದೆ. ಬೆಸುಗೆ ಹಾಕುವವರಿಗಂತೂ ಚೂಪು ತುದಿಯ ರಿಂಗ್ ಉಪಯೋಗಕ್ಕೇ ಬಾರದು. ಬೆಳ್ಳಿ ಬೆಸುಗೆ, ಅಂದರೆ ಬೆಸೆಯಲು ಕರಗಿಸುವ ಲೋಹ, ಎರಡು ಮುಖಗಳ ನಡುವಿನ ಸೂಕ್ಷ್ಮ ಸಂದಿನಲ್ಲಿ ಹೀರಿಕೊಂಡ ಹಾಗೆ ಹರಿಯುತ್ತದೆಯೇ ಹೊರತು ಹಳ್ಳ ತುಂಬುವುದಿಲ್ಲ. ಬೆಳಕಿಗೆ ಹಿಡಿದಾಗ ಬಾಯಲ್ಲಿ ಬೆಳಕು ಕಂಡಿತೆಂದರೆ ಆ ರಿಂಗ್ ಇನ್ನೂ ಬೆಂಕಿಗೆ ಸಿದ್ಧವಾಗಿಲ್ಲ.

ಕೊಳ್ಳುವವರು ಎಡವುವುದು ಅಳತೆಯಲ್ಲಿ. ಒಂದು ರಿಂಗಿಗೆ ಎರಡು ಅಳತೆ ಬೇಕು: ತಂತಿಯ ದಪ್ಪ ಮತ್ತು ಒಳವ್ಯಾಸ. ಮಣಿ ಸಾಮಾನು ಮಾರುವವರು ಹೆಚ್ಚಾಗಿ ಹೊರವ್ಯಾಸ ಬರೆಯುತ್ತಾರೆ, ರಿಂಗಿಗೆ ರಿಂಗ್ ಕೂಡಿಸಿ ಚೈನ್‌ಮೇಲ್ ಹೆಣೆಯುವವರಿಗೆ ಮಾರುವವರು ಒಳವ್ಯಾಸ ಬರೆಯುತ್ತಾರೆ. ತಂತಿಯ ದಪ್ಪ ಎರಡೂ ಕಡೆ ಸೇರುವುದರಿಂದ, 1 ಮಿ.ಮೀ. ತಂತಿಯ ‘5 ಮಿ.ಮೀ. ರಿಂಗ್’ ಒಬ್ಬರ ಲೆಕ್ಕದಲ್ಲಿ 3 ಮಿ.ಮೀ. ತೂತಿನದ್ದು, ಇನ್ನೊಬ್ಬರ ಲೆಕ್ಕದಲ್ಲಿ ಒಟ್ಟು 7 ಮಿ.ಮೀ. ಅಗಲದ್ದು. ಪೊಟ್ಟಣದ ಮೇಲೆ ಒಳಗಿನದೋ ಹೊರಗಿನದೋ ಎಂದು ಬರೆಯದೆ ಬರೀ ಸಂಖ್ಯೆ ಇದ್ದರೆ ಕೇಳಿಯೇ ಕೊಳ್ಳಬೇಕು.

ತಂತಿಯ ದಪ್ಪವನ್ನು ಸಂಖ್ಯೆಯಲ್ಲಿ ಹೇಳುವ ಗೇಜ್ ಎಂಬ ಇನ್ನೊಂದು ಗೋಜಲಿದೆ. ಅಮೆರಿಕನ್ ಗೇಜ್ ಮತ್ತು ಬ್ರಿಟಿಷ್ ಸ್ಟ್ಯಾಂಡರ್ಡ್ ಗೇಜ್ ಎರಡೂ ಚಾಲ್ತಿಯಲ್ಲಿವೆ, ಎರಡರಲ್ಲೂ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ, ಆದರೆ ಅಳತೆ ಒಂದೇ ಅಲ್ಲ. ಅಮೆರಿಕನ್ 18 ಗೇಜ್ ಅಂದರೆ 1.02 ಮಿ.ಮೀ., ಬ್ರಿಟಿಷ್ 18 ಅಂದರೆ 1.22 ಮಿ.ಮೀ. ಹಾಗೆಯೇ 20 ಗೇಜ್‌ನಲ್ಲಿ 0.81 ಮತ್ತು 0.91, 16ರಲ್ಲಿ 1.29 ಮತ್ತು 1.63. ಅರ್ಧ ಮಿ.ಮೀ.ಗೂ ಕಡಿಮೆ ವ್ಯತ್ಯಾಸ ತಾನೇ ಅನ್ನಿಸಬಹುದು. ಬೈಜಾಂಟೈನ್ ಎಂಬ ಚೈನ್‌ಮೇಲ್ ಹೆಣಿಗೆಯ ಸರ ಹೆಣೆಯಲು ಕೂತಾಗ ಅದರ ಬಿಸಿ ತಟ್ಟುತ್ತದೆ. ಒಳವ್ಯಾಸವನ್ನು ತಂತಿಯ ದಪ್ಪದಿಂದ ಭಾಗಿಸಿದರೆ ಬರುವ ಅನುಪಾತ ಆ ಹೆಣಿಗೆಗೆ 3.5ರ ಆಸುಪಾಸಿನಲ್ಲಿರಬೇಕು. 3.5 ಮಿ.ಮೀ. ಒಳವ್ಯಾಸಕ್ಕೆ 1.02 ತಂತಿಯಾದರೆ ಅನುಪಾತ 3.43, ಹೆಣಿಗೆ ಸರಾಗ. ಅದೇ ಒಳವ್ಯಾಸಕ್ಕೆ 1.22 ತಂತಿ ಬಂದರೆ 2.87ಕ್ಕೆ ಇಳಿಯುತ್ತದೆ, ಮಡಚಿದ ಜೋಡಿಯ ನಡುವೆ ಮುಂದಿನ ರಿಂಗ್ ತೂರುವುದೇ ಇಲ್ಲ. ಸಾವಿರ ರಿಂಗ್ ಮನೆಗೆ ಬಂದ ಮೇಲೆ ಇದು ಗೊತ್ತಾದರೆ ಮಾಡುವುದೇನೂ ಇಲ್ಲ. ಗೇಜ್ ಬಿಟ್ಟು ಮಿ.ಮೀ.ನಲ್ಲೇ ಕೊಳ್ಳುವುದು, ಬಂದ ಕೂಡಲೇ ಕ್ಯಾಲಿಪರ್ ಹಿಡಿದು ಅಳೆಯುವುದು, ಇವೆರಡು ರೂಢಿಯಾದರೆ ಅರ್ಧ ತಲೆನೋವು ಕಡಿಮೆ.

ಹೆಣಿಗೆಯಲ್ಲಿ ಅಷ್ಟು ಮುಖ್ಯವಾದ ಈ ಅನುಪಾತ, ಒಂಟಿ ರಿಂಗಿನ ಗಟ್ಟಿತನವನ್ನೂ ಹೇಳುತ್ತದೆ. ತಂತಿ ದಪ್ಪ, ತೂತು ಚಿಕ್ಕದು ಇದ್ದಷ್ಟೂ ಬಾಯಿ ಬಿಡುವುದು ಕಷ್ಟ. 0.8 ಮಿ.ಮೀ. ತಂತಿಯ 3 ಮಿ.ಮೀ. ಒಳವ್ಯಾಸದ ರಿಂಗ್ ಬಿಗಿಯಾಗಿ ನಿಂತರೆ, ಅದೇ ತಂತಿಯ 6 ಮಿ.ಮೀ. ರಿಂಗ್ ಬೆರಳಿನಿಂದ ಎಳೆದರೂ ತೆರೆದುಕೊಳ್ಳುತ್ತದೆ. ಓಲೆಯಲ್ಲಿ ತೂಗುವ ಹಗುರ ಭಾಗಕ್ಕೆ 0.6ರಿಂದ 0.8 ಮಿ.ಮೀ. ತಂತಿ ಸಾಕು. ಬ್ರೇಸ್‌ಲೆಟ್ಟಿನ ಕೊಕ್ಕೆಗೆ 1 ಮಿ.ಮೀ.ಗಿಂತ ಕಡಿಮೆ ಬೇಡ: ಮೇಜಿನ ಅಂಚಿಗೆ, ಚೀಲದ ಹಿಡಿಗೆ, ತೋಳಿಗೆ ಸಿಕ್ಕಿಕೊಂಡು ದಿನವಿಡೀ ಎಳೆಸಿಕೊಳ್ಳುವ ಜಾಗ ಅದು. ಅಂಥ ಕಡೆ ರಿಂಗಿನ ಬಾಯಿ ಬೆಸೆದಿದ್ದರೆ ಇನ್ನೂ ಒಳ್ಳೆಯದು.

ಈಗ ಮಾಡುವ ಬಗೆ ನೋಡೋಣ. ಯಾಕೆಂದರೆ ಮಾಡುವುದರಲ್ಲಿ ಎಷ್ಟು ಕೆಲಸವಿದೆ ಎಂದು ತಿಳಿಯದೆ ಕೊಳ್ಳುವುದು ದುಬಾರಿಯೋ ಅಗ್ಗವೋ ಹೇಳಲಾಗದು.

ತಂತಿ ಸುತ್ತಲು ಒಂದು ಸರಳು ಬೇಕು. ನಯವಾದ ಉಕ್ಕಿನ ಸರಳು, ಡ್ರಿಲ್ ಬಿಟ್ಟಿನ ಹಿಡಿಕೆಯ ಭಾಗ, ಲೋಹದ ಹೆಣಿಗೆ ಕಡ್ಡಿ, ಯಾವುದಾದರೂ ಆದೀತು. ಹೆಣಿಗೆ ಕಡ್ಡಿಗಳು ನನಗೆ ಇಷ್ಟ, ಯಾಕೆಂದರೆ ಅವು 2, 2.25, 2.5, 2.75, 3 ಹೀಗೆ ಕಾಲು ಮಿ.ಮೀ. ಅಂತರದಲ್ಲಿ ಸಿಗುತ್ತವೆ, ಹೊಳಪೂ ಇರುತ್ತದೆ. ಮೊಳೆ ಬೇಡ, ಅದರ ಮೈ ಒಂದೇ ಸಮನಾಗಿರುವುದಿಲ್ಲ. ಸರಳಿನ ಮೇಲೆ ಒಂದು ಸುತ್ತು ತೆಳು ಕಾಗದ ಸುತ್ತಿಕೊಂಡರೆ ಸುರುಳಿ ಸಲೀಸಾಗಿ ಜಾರಿ ಹೊರಬರುತ್ತದೆ. ಆ ಕಾಗದದ ದಪ್ಪ ವ್ಯಾಸಕ್ಕೆ ಸೇರುತ್ತದೆ ಎನ್ನುವುದು ನೆನಪಿರಲಿ. ತಂತಿಯ ತುದಿಯನ್ನು ಸರಳಿನ ಜೊತೆ ವೈಸ್‌ಗೋ ಕೈ ಡ್ರಿಲ್ಲಿನ ಬಾಯಿಗೋ ಕಚ್ಚಿಸಿ, ತಂತಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ನಿಧಾನವಾಗಿ ಸುತ್ತಬೇಕು. ಪ್ರತಿ ಸುತ್ತೂ ಹಿಂದಿನದಕ್ಕೆ ಅಂಟಿಕೊಂಡೇ ಬರಬೇಕು. ಸುತ್ತುಗಳ ನಡುವೆ ಜಾಗ ಬಿಟ್ಟಿತೆಂದರೆ ಕೊಯ್ದ ರಿಂಗಿನ ಎರಡು ತುದಿಗಳು ಒಂದು ಮೇಲೆ ಒಂದು ಕೆಳಗೆ ದೂರ ನಿಲ್ಲುತ್ತವೆ, ಮುಚ್ಚುವಾಗ ಅಷ್ಟೂ ತಿರುಚಬೇಕಾಗುತ್ತದೆ, ರಿಂಗ್ ಸೊಟ್ಟಗಾಗುತ್ತದೆ. ಕೈಯ ಬಿಗಿ ನಡುವೆ ಸಡಿಲವಾದರೂ ಅಷ್ಟೇ: ಸುರುಳಿಯ ಒಂದು ತುದಿಯ ರಿಂಗಿಗೂ ಇನ್ನೊಂದು ತುದಿಯ ರಿಂಗಿಗೂ ಅಳತೆ ಬೇರೆಯಾಗುತ್ತದೆ.

ಸುತ್ತಿ ಕೈಬಿಟ್ಟ ಕೂಡಲೇ ಸುರುಳಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಲೋಹದ ಗಡಸುತನ ಹೆಚ್ಚಿದಷ್ಟೂ ಈ ಬಿಚ್ಚುವಿಕೆ ಹೆಚ್ಚು. ಕಾಯಿಸಿ ಮೆತ್ತಗೆ ಮಾಡಿದ ತಂತಿಯಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹಾಫ್ ಹಾರ್ಡ್, ಅಂದರೆ ಅರೆಗಡಸು ತಂತಿಯಲ್ಲಾದರೆ 5 ಮಿ.ಮೀ. ಸರಳಿನಿಂದ 5.1 ಅಥವಾ 5.2 ಮಿ.ಮೀ. ರಿಂಗ್ ಬರಬಹುದು. ಪದಕಕ್ಕೆ ತಗುಲಿಸುವ ಒಂಟಿ ರಿಂಗಿಗೆ ಇದರಿಂದ ಏನೂ ಆಗದು. ಅನುಪಾತ ನೋಡಿ ಹೆಣೆಯುವ ಸರಕ್ಕೆ ಇದೇ ದೊಡ್ಡ ವಿಷಯ. ಹೊಸ ತಂತಿ ಬಂದಾಗಲೆಲ್ಲ ಮೊದಲು ಹತ್ತು ಸುತ್ತು ಸುತ್ತಿ, ಕೊಯ್ದು, ಮುಚ್ಚಿ, ಒಳವ್ಯಾಸ ಅಳೆದು ಆಮೇಲೆ ಉಳಿದದ್ದನ್ನು ಸುತ್ತುವುದು ಸರಿಯಾದ ಕ್ರಮ. ಅಂಗಡಿಯವರು ಒಂದೇ ಹೆಸರಿನಲ್ಲಿ ಕೊಟ್ಟ ಎರಡು ಸುರುಳಿ ತಂತಿಗಳ ಗಡಸು ಕೂಡ ಒಂದೇ ಇರಬೇಕೆಂದಿಲ್ಲ.

ಕೊಯ್ಯುವುದೇ ಈ ಕೆಲಸದ ಜೀವಾಳ. ಫ್ಲಶ್ ಕಟ್ಟರ್‌ನ ಬಾಯಿಗೆ ಒಂದು ಬದಿ ಸಪಾಟು, ಇನ್ನೊಂದು ಬದಿ ತಗ್ಗು. ಸಪಾಟು ಬದಿಗೆ ಸಿಕ್ಕ ತುದಿ ಚಪ್ಪಟೆಯಾಗುತ್ತದೆ, ತಗ್ಗಿನ ಬದಿಯ ತುದಿ ಚೂಪಾಗುತ್ತದೆ. ಆದ್ದರಿಂದ ಒಂದು ರಿಂಗಿಗೆ ಎರಡು ಸಲ ಕತ್ತರಿಸಬೇಕು. ಮೊದಲು ಸಪಾಟು ಬದಿಯನ್ನು ಸುರುಳಿಯ ಕಡೆಗೆ ಹಿಡಿದು ಬಾಲ ಕತ್ತರಿಸಬೇಕು. ಸುರುಳಿಯ ತುದಿ ಚಪ್ಪಟೆಯಾಯಿತು. ಆಮೇಲೆ ಕಟ್ಟರನ್ನು ತಿರುಗಿಸಿ, ಆ ತುದಿಗೆ ನೇರಾನೇರ ಬರುವ ಜಾಗದಲ್ಲಿ ಇನ್ನೊಂದು ಸಲ ಕತ್ತರಿಸಿದರೆ ರಿಂಗ್ ಕೈಗೆ ಬರುತ್ತದೆ, ಎರಡೂ ತುದಿ ಚಪ್ಪಟೆ. ಆದರೆ ಸುರುಳಿಯಲ್ಲಿ ಉಳಿದ ತುದಿ ಈಗ ಚೂಪು. ಮತ್ತೆ ಕಟ್ಟರ್ ತಿರುಗಿಸಿ ಆ ಚೂಪನ್ನು ತೆಗೆಯಬೇಕು. ಹೀಗೆ ತೆಗೆದೆಸೆಯುವ ಚೂರು ರಿಂಗಿಗೆ ಅರ್ಧದಿಂದ ಒಂದು ಮಿ.ಮೀ. ತಿನ್ನುತ್ತದೆ. ತಿರುಗಿಸಲು ಮರೆತರೆ ಒಂದು ತುದಿ ಚಪ್ಪಟೆ, ಇನ್ನೊಂದು ಚೂಪು. ಪೊಟ್ಟಣದಲ್ಲಿ ಕೊಂಡ ಅಗ್ಗದ ರಿಂಗ್‌ಗಳಲ್ಲಿ ಕಾಣುವುದೂ ಇಂಥದೇ ಬಾಯಿ, ಹಾಗಾಗಿ ಅಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ಏನೂ ಲಾಭವಿಲ್ಲ. ಎರಡನೆಯ ಕಡಿತ ನೇರಕ್ಕಿಂತ ಹಿಂದೆ ಬಿದ್ದರೆ ಬಾಯಿ ಕೂಡುವುದಿಲ್ಲ, ಮುಂದೆ ಬಿದ್ದರೆ ತುದಿಗಳು ಒಂದರ ಮೇಲೊಂದು ಏರುತ್ತವೆ.

ಇಪ್ಪತ್ತು ಮೂವತ್ತು ರಿಂಗಿಗೆ ಕಟ್ಟರ್ ಪರವಾಗಿಲ್ಲ. ಬೆಸುಗೆ ಹಾಕುವುದಿದ್ದರೆ, ಅಥವಾ ತಂತಿ 1 ಮಿ.ಮೀ. ದಾಟಿದ್ದರೆ, ಗರಗಸವೇ ಸರಿ. ಅಕ್ಕಸಾಲಿಗರ ಗರಗಸಕ್ಕೆ 3/0 ಅಥವಾ 4/0 ಬ್ಲೇಡ್ ಹಾಕಿಕೊಂಡರೆ ಅದರ ದಪ್ಪ 0.24ರಿಂದ 0.22 ಮಿ.ಮೀ., ಅಂದರೆ ಪ್ರತಿ ರಿಂಗಿನಲ್ಲಿ ಪುಡಿಯಾಗಿ ಹೋಗುವುದು ಅಷ್ಟೇ. ಬಾಯಿ ಮುಚ್ಚಿದಾಗ ವ್ಯಾಸ ಸುಮಾರು 0.07 ಮಿ.ಮೀ. ಕುಗ್ಗುತ್ತದೆ. ಸುರುಳಿಯನ್ನು ಸರಳಿನಿಂದ ಹೊರತೆಗೆದು, ಎರಡು ಸೆಂ.ಮೀ.ನಷ್ಟು ಉದ್ದದ ತುಂಡು ಮಾಡಿಕೊಂಡು, ಸುತ್ತ ಕಾಗದದ ಟೇಪ್ ಅಂಟಿಸಿ. ಬ್ಲೇಡನ್ನು ಗರಗಸದ ಚೌಕಟ್ಟಿನಿಂದ ಒಂದು ಕಡೆ ಬಿಚ್ಚಿ, ಸುರುಳಿಯ ಒಳಗಿಂದ ತೂರಿಸಿ ಮತ್ತೆ ಬಿಗಿದರೆ ಒಳಗಿನಿಂದ ಹೊರಕ್ಕೆ ಕೊಯ್ಯಬಹುದು. ಎದುರು ಗೋಡೆಗೆ ಹಲ್ಲು ತಾಗುವ ಭಯವಿಲ್ಲ. ಹೊರಗಿನಿಂದ ಕೊಯ್ಯುವುದಾದರೆ ಸುರುಳಿಯನ್ನು ಬೆಂಚ್ ಪಿನ್ನಿನ (ಮೇಜಿನ ಅಂಚಿಗೆ ಬಿಗಿದ ಮರದ ತುಂಡಿನ) ಮೇಲೆ ತುಸು ಓರೆಯಾಗಿ ಹಿಡಿದು, ಒಂದೊಂದೇ ಸುತ್ತು ಕಡಿಯುತ್ತ ಹೋಗಬೇಕು. ಬ್ಲೇಡಿಗೆ ಮೇಣ ಸವರಿಕೊಂಡರೆ ಹಲ್ಲು ಸಿಕ್ಕಿಕೊಳ್ಳುವುದಿಲ್ಲ. ಕೊಯ್ಲಿನ ಗೆರೆ ಸುರುಳಿಯ ಉದ್ದಕ್ಕೂ ನೇರ ಇರಬೇಕು. ಗೆರೆ ಓರೆಯಾದರೆ ಪ್ರತಿ ರಿಂಗಿನ ಬಾಯಿಯೂ ಓರೆಯಾಗುತ್ತದೆ. ಒತ್ತಿ ಕೊಯ್ಯಲು ಹೋದರೆ ಬ್ಲೇಡ್ ಮುರಿಯುತ್ತದೆ; ಗರಗಸದ ತೂಕವೇ ಸಾಕು.

ಇದನ್ನೇ ಯಂತ್ರಕ್ಕೆ ವಹಿಸುವ ಸಲಕರಣೆಯೂ ಇದೆ. ಕೈ ತಿರುಗಣೆಯಿಂದ ಸುತ್ತುವ ಸರಳುಗಳ ಜೋಡಿ, ಸುರುಳಿ ಹಿಡಿಯುವ ಅಚ್ಚು, ಫ್ಲೆಕ್ಸ್ ಶಾಫ್ಟ್ ಎಂಬ ಕೈಯಲ್ಲಿ ಹಿಡಿಯುವ ತಿರುಗು ಯಂತ್ರಕ್ಕೆ ಹಾಕುವ ದುಂಡು ಗರಗಸ. ಒಂದೇ ಓಟಕ್ಕೆ ಇಡೀ ಸುರುಳಿ ಕೊಯ್ದುಬಿಡುತ್ತದೆ. ಬ್ಲೇಡಿಗೆ ಎಣ್ಣೆಯೋ ಮೇಣವೋ ಹಾಕದಿದ್ದರೆ ಬಿಸಿಯೇರಿ ಹಲ್ಲು ಸವೆಯುತ್ತದೆ, ಸುರುಳಿ ಅಚ್ಚಿನಲ್ಲಿ ಸಡಿಲವಿದ್ದರೆ ಬ್ಲೇಡ್ ಕಚ್ಚಿಕೊಂಡು ಚೂರಾಗಿ ಸಿಡಿಯಬಹುದು. ಕಣ್ಣಿಗೆ ಕನ್ನಡಕ ಹಾಕದೆ ಈ ಯಂತ್ರವನ್ನು ಚಾಲೂ ಮಾಡಲೇಬಾರದು. ತಿಂಗಳಿಗೆ ನೂರಿನ್ನೂರು ರಿಂಗ್ ಬೇಕಾದವರಿಗೆ ಇದರ ಅಗತ್ಯ ನನಗಂತೂ ಕಾಣುವುದಿಲ್ಲ. ಬೆಳ್ಳಿಯ ಸರ ಹೆಣೆಯುವುದನ್ನೇ ಕಸುಬು ಮಾಡಿಕೊಂಡವರಿಗೆ ಇದು ಬೇಕೇ ಬೇಕು.

ಇನ್ನು ಲೆಕ್ಕ. ಒಂದು ರಿಂಗಿಗೆ ಬೇಕಾದ ತಂತಿ ತಿಳಿಯಲು ಒಳವ್ಯಾಸಕ್ಕೆ ತಂತಿಯ ದಪ್ಪ ಕೂಡಿ 3.14ರಿಂದ ಗುಣಿಸಿ. 5 ಮಿ.ಮೀ. ಒಳವ್ಯಾಸ, 1 ಮಿ.ಮೀ. ತಂತಿಯಾದರೆ 18.85 ಮಿ.ಮೀ. ನೂರು ರಿಂಗಿಗೆ 1.89 ಮೀಟರ್, ಸುರುಳಿಯ ಉದ್ದ 10 ಸೆಂ.ಮೀ. ಸ್ಟರ್ಲಿಂಗ್ ಬೆಳ್ಳಿಯಲ್ಲಿ (ನೂರಕ್ಕೆ 92.5 ಪಾಲು ಬೆಳ್ಳಿ ಇರುವ ಮಿಶ್ರಲೋಹ) ಈ ನೂರು ರಿಂಗಿನ ತೂಕ ಸುಮಾರು 15.3 ಗ್ರಾಂ, ತಾಮ್ರದಲ್ಲಿ 13.3 ಗ್ರಾಂ. ಗರಗಸದ ಪುಡಿಗೆ ಹೋಗುವ ತಂತಿ ನೂರಕ್ಕೆ 2.2 ಸೆಂ.ಮೀ., ಅಂದರೆ ಬೆಳ್ಳಿಯಲ್ಲಿ 0.2 ಗ್ರಾಂಗಿಂತ ತುಸು ಕಡಿಮೆ. ಕಟ್ಟರ್ ಆದರೆ 5ರಿಂದ 10 ಸೆಂ.ಮೀ. ಇದರ ಮೇಲೆ ಸುರುಳಿಯ ಎರಡು ತುದಿಗಳಲ್ಲಿ ನೆಟ್ಟಗೆ ಉಳಿಯುವ ಬಾಲ. ಚಿಕ್ಕ ಚಿಕ್ಕ ಸುರುಳಿ ಸುತ್ತಿದಷ್ಟೂ ಈ ಬಾಲದ ನಷ್ಟ ಹೆಚ್ಚು, ಆದ್ದರಿಂದ ಒಮ್ಮೆಗೇ ಉದ್ದ ಸುರುಳಿ ಸುತ್ತುವುದು ಲೇಸು. ಬೆಳ್ಳಿ ಬಂಗಾರದ ಬಾಲ, ಪುಡಿ ಎಲ್ಲವನ್ನೂ ಲೋಹ ಬೆರೆಯದ ಹಾಗೆ ಬೇರೆ ಬೇರೆ ಡಬ್ಬಿಯಲ್ಲಿ ಕೂಡಿಟ್ಟರೆ ಕರಗಿಸಿ ಮತ್ತೆ ಬಳಸಬಹುದು.

ಈಗ ಅದೇ ನೂರು ರಿಂಗಿನ ಪೊಟ್ಟಣದ ಬೆಲೆಯಿಂದ 15.5 ಗ್ರಾಂ ತಂತಿಯ ಬೆಲೆ ಕಳೆಯಿರಿ. ಉಳಿಯುವ ಮೊತ್ತವೇ ಸುತ್ತಿ ಕೊಯ್ದು ಕೊಟ್ಟವರಿಗೆ ನೀವು ಕೊಡುವ ಕೂಲಿ. ನೂರು ರಿಂಗ್ ಮಾಡಲು ನಿಮಗೆ ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಇಟ್ಟು ನೋಡಿ: ಸುತ್ತುವುದು, ಕೊಯ್ಯುವುದು, ಏಣು ತೆಗೆಯುವುದು, ತೊಳೆಯುವುದು, ಅಳತೆ ತಪ್ಪಿದ್ದನ್ನು ಆರಿಸಿ ಹಾಕುವುದು, ಎಲ್ಲ ಸೇರಿಸಿ. ಆ ಹೊತ್ತಿನ ನಿಮ್ಮ ದುಡಿಮೆಯ ಬೆಲೆ ಆ ಕೂಲಿಗಿಂತ ಹೆಚ್ಚಾದರೆ ಕೊಳ್ಳುವುದೇ ಅಗ್ಗ. ತಾಮ್ರ, ಹಿತ್ತಾಳೆಯಲ್ಲಿ ಲೋಹದ ಬೆಲೆ ಕಡಿಮೆ, ಹಾಗಾಗಿ ಬರೀ ಉಳಿತಾಯಕ್ಕೆಂದು ಮಾಡಲು ಕೂತರೆ ಹೆಚ್ಚೇನೂ ಉಳಿಯದು. ಬಂಗಾರದಲ್ಲಿ ಲೋಹವೇ ಎಲ್ಲ. ಅಲ್ಲಿ ಬೇಕಾದ ನಾಲ್ಕೇ ರಿಂಗನ್ನು ಕೈಯಲ್ಲಿರುವ ತಂತಿಯಿಂದ ಮಾಡಿಕೊಳ್ಳುವುದು, ಉಪಯೋಗಕ್ಕೆ ಬಾರದ ಅಳತೆಯ ರಿಂಗ್‌ಗಳಲ್ಲಿ ದುಡ್ಡು ಹೂತಿಡದಿರುವುದು ಜಾಣತನ. ಬಂಗಾರದಲ್ಲಿ ಬಣ್ಣದ ಮಾತೂ ಇದೆ. 18 ಕ್ಯಾರೆಟ್ ಎಂಬ ಒಂದೇ ಹೆಸರಿನಡಿ ತಾಮ್ರ ಹೆಚ್ಚಿದ ಕೆಂಪು ಛಾಯೆ, ಬೆಳ್ಳಿ ಹೆಚ್ಚಿದ ತಿಳಿ ಛಾಯೆ ಎರಡೂ ಬರುತ್ತವೆ. ಒಡವೆಯ ತಂತಿಯಿಂದಲೇ ರಿಂಗ್ ಮಾಡಿದರೆ ಬಣ್ಣ ಎದ್ದು ಕಾಣುವುದಿಲ್ಲ.

ಕೆಲವು ಲೋಹಗಳಲ್ಲಿ ಯೋಚನೆಗೆ ಆಸ್ಪದವೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಮೆತ್ತನೆಯ ಲೋಹಕ್ಕೆಂದು ಮಾಡಿದ ಫ್ಲಶ್ ಕಟ್ಟರ್‌ನ ಬಾಯಿಗೆ ಒಂದೇ ಕಡಿತಕ್ಕೆ ಕಚ್ಚು ಬೀಳಿಸುತ್ತದೆ, ಬಿಚ್ಚಿಕೊಳ್ಳುವುದೂ ಜಾಸ್ತಿ. ಅದನ್ನು ಕೊಳ್ಳಿ. ಬಣ್ಣ ಕಟ್ಟಿದ ಅಲ್ಯೂಮಿನಿಯಂನಲ್ಲಿ ಬಣ್ಣ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ; ಇಕ್ಕಳ ಜಾರಿದರೆ, ಅರ ತಾಗಿದರೆ ಬಿಳಿ ಕಾಣುತ್ತದೆ. ಅದನ್ನೂ ಕೊಯ್ದದ್ದೇ ಕೊಳ್ಳುವುದು ಮೇಲು. ಬಂಗಾರದ ಮುಲಾಮಿನ ತಂತಿಯಿಂದ ರಿಂಗ್ ಮಾಡಿದರೆ ಕೊಯ್ದ ಎರಡು ಮುಖಗಳಲ್ಲಿ ಒಳಗಿನ ತಾಮ್ರವೋ ಹಿತ್ತಾಳೆಯೋ ಬಯಲಾಗುತ್ತದೆ, ಕಪ್ಪಾಗುವುದು ಅಲ್ಲಿಂದಲೇ ಶುರು. ಮುಲಾಮಿನದೇ ಬೇಕಾದರೆ ಕೊಯ್ದ ಮೇಲೆ ಮುಲಾಮು ಹಾಕಿದ ರಿಂಗ್ ಕೇಳಿ ಕೊಳ್ಳಬೇಕು. ಗೋಲ್ಡ್ ಫಿಲ್ಡ್ ತಂತಿಯ ಕಥೆ ಸ್ವಲ್ಪ ಬೇರೆ. ಅದರಲ್ಲಿ ಸಾಮಾನ್ಯವಾಗಿ ತೂಕದ 20ರಲ್ಲಿ ಒಂದು ಪಾಲು ಬಂಗಾರದ ಪದರ ಇರುತ್ತದೆ, ಮುಲಾಮಿಗಿಂತ ಎಷ್ಟೋ ದಪ್ಪ. ಕೊಯ್ದ ಮುಖದಲ್ಲಿ ಒಳಲೋಹ ಕಾಣುವುದು ಅಲ್ಲೂ ತಪ್ಪದು, ಆದರೆ ಬಾಯಿ ಬಿಗಿಯಾಗಿ ಕೂಡಿದರೆ ಮರೆಯಾಗಿರುತ್ತದೆ. ಹೀಗಾಗಿ ಅದಕ್ಕೆ ಗರಗಸದ ಕೊಯ್ಲು ಮುಖ್ಯ, ಅರ ಹಾಕುವುದು ನಿಷಿದ್ಧ.

ಬೆಸೆಯುವ ರಿಂಗ್‌ಗಳ ವಿಷಯದಲ್ಲಿ ನನ್ನ ಒಲವು ಮಾಡುವುದರ ಕಡೆಗೆ. ಬೆಸುಗೆಗೆ ಬೇಕಾದ್ದು ಚಪ್ಪಟೆ ಮುಖ, ಮೆತ್ತನೆ ತಂತಿ, ಚೊಕ್ಕ ಲೋಹ. ಮೂರೂ ನಮ್ಮ ಹಿಡಿತದಲ್ಲಿರುತ್ತವೆ. ತಂತಿ ಗಡಸಾಗಿರಬೇಕಾಗಿಲ್ಲ, ಹೇಗೂ ಬೆಂಕಿಗೆ ಸಿಕ್ಕ ಮೇಲೆ ಮೆತ್ತಗಾಗುತ್ತದೆ. ಕೊಯ್ಯುವಾಗ ಸವರಿದ ಮೇಣವನ್ನು ಸೋಪಿನ ನೀರಿನಲ್ಲಿ ಪೂರ್ತಿ ತೊಳೆಯಬೇಕು, ಜಿಡ್ಡಿದ್ದ ಕಡೆ ಬೆಸುಗೆ ಹರಿಯದು. ರಿಂಗನ್ನು ಇದ್ದಿಲಿನ ಮೇಲಿಟ್ಟು, ಬಾಯಿಗೆ ಬಿಳಿಗಾರ ಹಚ್ಚಿ, 1 ಮಿ.ಮೀ. ತಂತಿಗೆ ಅರ್ಧ ಮಿ.ಮೀ. ಚೌಕದ ಬೆಸುಗೆ ಚೂರು ಸಾಕು. ಜ್ವಾಲೆಯನ್ನು ನೇರ ಚೂರಿನ ಮೇಲೆ ಬಿಡದೆ ಇಡೀ ರಿಂಗಿನ ಸುತ್ತ ಆಡಿಸಬೇಕು. ಬೆಸುಗೆ ಬಿಸಿ ಹೆಚ್ಚಿರುವ ಕಡೆಗೆ ಓಡುತ್ತದೆ. ಒಂದೇ ಬದಿ ಕಾದರೆ ಆ ಬದಿಗೆ ಹತ್ತಿಕೊಂಡು ಗಂಟಾಗಿ ಕೂರುತ್ತದೆ, ಬಾಯಿ ತೆರೆದೇ ಇರುತ್ತದೆ. ಸ್ಟರ್ಲಿಂಗ್ ಬೆಳ್ಳಿ 800 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗತೊಡಗುತ್ತದೆ, ಬೆಸುಗೆ ಹರಿಯುವುದು ಅದಕ್ಕಿಂತ ತುಸುವೇ ಕೆಳಗೆ. ಸಣ್ಣ ರಿಂಗಿನಲ್ಲಿ ಈ ಅಂತರ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತದೆ. ಬೆಸುಗೆ ಮಿಂಚಿದ ಕ್ಷಣವೇ ಜ್ವಾಲೆ ಹಿಂತೆಗೆಯಬೇಕು. ಶುದ್ಧ ಬೆಳ್ಳಿಯಾದರೆ ಬೆಸುಗೆಯ ಹಂಗೇ ಇಲ್ಲ, 962 ಡಿಗ್ರಿಯ ಹತ್ತಿರ ಅದರ ಮೈ ಕನ್ನಡಿಯಂತೆ ಹೊಳೆದಾಗ ಎರಡು ತುದಿ ತಾವೇ ಕರಗಿ ಒಂದಾಗುತ್ತವೆ. ಅಲ್ಲಿ ಬಾಯಿ ಇನ್ನೂ ಬಿಗಿಯಾಗಿ ಕೂಡಿರಬೇಕು. ಕೂಡದಿದ್ದರೆ ತುದಿಗಳು ಗುಂಡಾಗಿ ಒಂದರಿಂದೊಂದು ದೂರ ಸರಿಯುತ್ತವೆ.

ಆದರೆ ನೂರು ರಿಂಗಿನ ಬೆಸೆದ ಸರ ಮಾಡುವಾಗ ನೂರನ್ನೂ ಸರದ ಮೇಲೆಯೇ ಬೆಸೆಯುವುದು ಬೇಡ, ಪಕ್ಕದ ರಿಂಗ್ ಅಂಟಿಕೊಳ್ಳುವ ಅಪಾಯ ಪ್ರತಿ ಸಲವೂ ಇರುತ್ತದೆ. ಐವತ್ತನ್ನು ಮೊದಲೇ ಬಿಡಿಯಾಗಿ ಇದ್ದಿಲಿನ ಮೇಲೆ ಸಾಲಾಗಿಟ್ಟು ಬೆಸೆದು, ಉಳಿದವುಗಳಲ್ಲಿ ಒಂದೊಂದರಿಂದ ಎರಡೆರಡು ಮುಚ್ಚಿದ ರಿಂಗ್ ಕೂಡಿಸಿ ಬೆಸೆಯಬೇಕು. ಆಗ ಮೂರರ ತುಂಡುಗಳಾಗುತ್ತವೆ. ಆಮೇಲೆ ಆ ತುಂಡುಗಳನ್ನು ಮತ್ತೆ ಒಂದೊಂದು ರಿಂಗಿನಿಂದ ಜೋಡಿಸಬೇಕು. ಕೊಳ್ಳುವುದಕ್ಕೂ ಮಾಡುವುದಕ್ಕೂ ಹದವಾದ ಹೊಂದಾಣಿಕೆ ಸಿಗುವುದು ಇಲ್ಲೇ. ಮುಚ್ಚಿದ, ಬೆಸೆದೇ ಬರುವ ರಿಂಗ್‌ಗಳನ್ನು ಕೊಂಡರೆ ಅರ್ಧ ಬೆಸುಗೆ ಕೆಲಸ ತಪ್ಪುತ್ತದೆ; ಅವುಗಳನ್ನು ಕೂಡಿಸುವ ತೆರೆದ ರಿಂಗ್‌ಗಳನ್ನು ಅದೇ ದಪ್ಪದ ತಂತಿಯಿಂದ ಮಾಡಿಕೊಂಡರೆ ಬೆಸುಗೆ ಸಲೀಸು. ಬೀಡಿಂಗ್ ವೈರ್ ಕಟ್ಟುವ ಕಡೆಗೂ ಇಂಥ ಮುಚ್ಚಿದ ರಿಂಗನ್ನೇ ಬಳಸಬೇಕು, ವೈರ್ ಜಾರಲು ಅಲ್ಲಿ ಬಾಯಿಯೇ ಇರುವುದಿಲ್ಲ.

ಕೊಂಡು ತಂದ ಪೊಟ್ಟಣವನ್ನು ಹಾಗೇ ಡಬ್ಬಿಗೆ ಸುರಿಯಬೇಡಿ. ಹತ್ತು ರಿಂಗ್ ಹೆಕ್ಕಿ ದಬ್ಬಳಕ್ಕೋ ಸೂಜಿಗೋ ಪೋಣಿಸಿ ಬದಿಯಿಂದ ನೋಡಿದರೆ ಉಬ್ಬುತಗ್ಗು ತಕ್ಷಣ ಗೊತ್ತಾಗುತ್ತದೆ. ಬಾಯಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಬೆಳ್ಳಿ, ತಾಮ್ರ, ಹಿತ್ತಾಳೆ ಎಂದು ಮಾರಿದ ರಿಂಗ್ ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣವಿದೆ ಎಂದರ್ಥ. ಅಂಟದಿದ್ದರೆ ಮಾತ್ರ ಬೆಳ್ಳಿಯೇ ಎಂದು ಹೇಳಲಾಗದು, ಹಿತ್ತಾಳೆಯೂ ಅಂಟುವುದಿಲ್ಲ. ಎರಡು ರಿಂಗನ್ನು ಹತ್ತು ಸಲ ತೆರೆದು ಮುಚ್ಚಿ. ಮುಲಾಮು ಸಿಪ್ಪೆಯೇಳುತ್ತದೆಯೇ, ಲೋಹ ಬಿರಿಯುತ್ತದೆಯೇ ಎಂದು ಆಗಲೇ ತಿಳಿಯುತ್ತದೆ. ನಿಕ್ಕೆಲ್ ಒಗ್ಗದ ಮೈಯವರಿಗಾಗಿ ಮಾಡುವ ಒಡವೆಗೆ, ಲೋಹ ಯಾವುದೆಂದು ಸ್ಪಷ್ಟವಾಗಿ ಬರೆಯದ ಪೊಟ್ಟಣ ಬೇಡವೇ ಬೇಡ. ಅಲ್ಲಿ ನಂಬಿಕೆಯ ತಂತಿ ತಂದು ನಾವೇ ಮಾಡುವುದು ನೆಮ್ಮದಿ.

ಎಷ್ಟೇ ಚೆನ್ನಾಗಿ ಕೊಯ್ದ ರಿಂಗನ್ನೂ ಮುಚ್ಚುವ ಕೈ ಕೆಡಿಸಬಲ್ಲದು. ಬಾಯಿಯನ್ನು ಅಗಲಕ್ಕೆ ಎಳೆಯಬಾರದು, ದುಂಡು ಹೋಗುತ್ತದೆ, ಮತ್ತೆ ಬರುವುದಿಲ್ಲ. ಹಲ್ಲಿಲ್ಲದ ನಯವಾದ ಎರಡು ಇಕ್ಕಳಗಳಿಂದ ಎರಡು ಬದಿ ಹಿಡಿದು, ಒಂದು ತುದಿ ನಿಮ್ಮ ಕಡೆಗೆ, ಇನ್ನೊಂದು ಆಚೆಗೆ ಎನ್ನುವ ಹಾಗೆ ತಿರುಚಿ ತೆರೆಯಬೇಕು. ಮುಚ್ಚುವಾಗ ತುದಿಗಳನ್ನು ನೇರಕ್ಕಿಂತ ಒಂದಿಷ್ಟು ದಾಟಿಸಿ, ಅದೇ ಹೊತ್ತಿಗೆ ಒಳಮುಖವಾಗಿ ಮೆಲ್ಲಗೆ ಒತ್ತುತ್ತ ವಾಪಸು ತರಬೇಕು. ಎರಡು ಮುಖ ಒಂದನ್ನೊಂದು ಉಜ್ಜುವುದು ಕೈಗೆ ತಿಳಿಯುತ್ತದೆ, ಕೆಲವೊಮ್ಮೆ ಕಿವಿಗೂ ಸಣ್ಣ ಚಟ್ ಎಂದು ಕೇಳುತ್ತದೆ. ಆ ಒತ್ತಡ ಉಳಿದಿದ್ದರೆ ಮಾತ್ರ ಬಾಯಿ ತಾನಾಗಿ ಬಿಡುವುದಿಲ್ಲ. ಬೆಸೆಯದ ರಿಂಗಿಗೆ ಹಾಫ್ ಹಾರ್ಡ್ ತಂತಿ ಬೇಕೆನ್ನುವುದು ಇದೇ ಕಾರಣಕ್ಕೆ. ಮೆತ್ತನೆ ತಂತಿಗೆ ಒತ್ತಡ ಹಿಡಿದಿಡುವ ಶಕ್ತಿ ಇಲ್ಲ. ಮಾಡಿದ ರಿಂಗ್‌ಗಳನ್ನು ಉಕ್ಕಿನ ಗುಂಡು, ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವದ ಜೊತೆ ಟಂಬ್ಲರ್ ಎಂಬ ತಿರುಗುವ ಡಬ್ಬಿಯ ಯಂತ್ರದಲ್ಲಿ ಒಂದೆರಡು ಗಂಟೆ ಉರುಳಿಸಿದರೆ ಏಣು ಸಾಯುತ್ತದೆ, ಹೊಳಪು ಬರುತ್ತದೆ, ಮೇಲ್ಮೈ ತುಸು ಗಡಸೂ ಆಗುತ್ತದೆ. ಮುಲಾಮಿನ ರಿಂಗನ್ನು ಮಾತ್ರ ಅದಕ್ಕೆ ಹಾಕಬೇಡಿ.

ದುಂಡಲ್ಲದ ರಿಂಗ್, ಹುರಿ ತಂತಿಯ ರಿಂಗ್, ಚೌಕ ತಂತಿಯ ರಿಂಗ್ ಬೇಕೆಂದಾಗ ಆಯ್ಕೆಯ ಮಾತೇ ಇಲ್ಲ, ಬೇಕಾದ ಅಳತೆಯಲ್ಲಿ ಅವು ಸಿಗುವುದು ಅಪರೂಪ. ಮೊಟ್ಟೆಯಾಕಾರದ ರಿಂಗಿಗೆ ಚಪ್ಪಟೆ ಸರಳಿನ ಮೇಲೆ ಎರಡು ಮೂರು ಪದರ ಕಾಗದ ಸುತ್ತಿ ಅದರ ಮೇಲೆ ತಂತಿ ಸುತ್ತಬೇಕು. ಬರೀ ಸರಳಿಗೆ ಸುತ್ತಿದರೆ ಕಚ್ಚಿಕೊಂಡು ಹೊರಬರದು. ಕಾಯಿಸುವಾಗ ಕಾಗದ ಸುಟ್ಟು ಸುರುಳಿ ಸಡಿಲವಾಗುತ್ತದೆ. ಅಂಥ ರಿಂಗಿನ ಬಾಯಿಯನ್ನು ಉದ್ದನೆಯ ಬದಿಯಲ್ಲಿ ಕೊಯ್ಯಬೇಕು. ತೂಕ ಎಳೆಯುವುದು ತುದಿಯ ಬಾಗಿನಲ್ಲಿ, ಅಲ್ಲಿ ಬಾಯಿ ಇರಬಾರದು.

ದಿನಬಳಕೆಗೆ ಎರಡೇ ಎರಡು ಅಳತೆ, ಉದಾಹರಣೆಗೆ 0.8 ತಂತಿಯ 3 ಮಿ.ಮೀ. ಮತ್ತು 1 ಮಿ.ಮೀ. ತಂತಿಯ 4 ಮಿ.ಮೀ. ಒಳವ್ಯಾಸದವು, ಗರಗಸದಿಂದ ಕೊಯ್ದದ್ದನ್ನು ಕೊಂಡಿಟ್ಟುಕೊಳ್ಳುವುದು, ಉಳಿದ ಅಳತೆಗಳನ್ನು ಬೇಕಾದಾಗ ಮಾಡಿಕೊಳ್ಳುವುದು ಹೆಚ್ಚಿನವರಿಗೆ ಹೊಂದುವ ಏರ್ಪಾಡು. ಮಾಡುವ ಅಳತೆಗಳನ್ನು ಸುರುಳಿಯಾಗಿಯೇ, ಕೊಯ್ಯದೆ ಇಡಬಹುದು. ಬೆಸೆಯುವ ದಿನ ಕೊಯ್ದರೆ ಮುಖ ಹೊಸದಾಗಿರುತ್ತದೆ, ಕಪ್ಪು ಹಿಡಿದಿರುವುದಿಲ್ಲ. ಪ್ರತಿ ಸುರುಳಿಗೂ ಒಂದು ಚೀಟಿ ಕಟ್ಟಿ: ಲೋಹ, ತಂತಿಯ ದಪ್ಪ ಮಿ.ಮೀ.ನಲ್ಲಿ, ಗಡಸು, ಸುತ್ತಿದ ಸರಳಿನ ಅಳತೆ, ಕೊಯ್ದು ಮುಚ್ಚಿದ ಮೇಲೆ ನಿಜವಾಗಿ ಬಂದ ಒಳವ್ಯಾಸ. ಮುಂದಿನ ಸಲ ಅದೇ ತಂತಿಗೆ ಯಾವ ಸರಳು ತೆಗೆದುಕೊಳ್ಳಬೇಕು ಎನ್ನುವುದನ್ನು ಕೊನೆಯ ಆ ಎರಡು ಸಂಖ್ಯೆಗಳೇ ಹೇಳುತ್ತವೆ.